ಹೊಳೆಯದ ನೀರು

ಪಿಸ್ತೂಲಿನ ಬಾಯಿ ನನ್ನ ಕಿವಿಯ ಹಿಂದೆ ಇತ್ತು.

ಬೆಳಿಗ್ಗೆ ಹನ್ನೊಂದು ಗಂಟೆ ಸಾರ್! ಇನ್ನೂ ತಿಂಡಿ ಕೂಡ ಆಗಿರಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ಪತ್ತೇದಾರಿ ಕೆಲಸ. ಹೆದರುವುದಕ್ಕೂ ಈಗ ಬೇಜಾರು.

"ಸೀಸ ಸೇರಿರೋ ನೀರು ಯಾವ್ದು? ಬೇಗ ಹೇಳು!"

ಹೆಗ್ಗಣ. ಬ್ಯಾಟರಿ ಫ್ಯಾಕ್ಟರಿ ಧಣಿಯ ಬಂಟ. ಊರೆಲ್ಲ ಅವನನ್ನು ಕರೆಯುವುದೇ ಹಾಗೆ.

ಎದುರಿಗೆ ನನ್ನ ಅಕ್ಕ. ಲ್ಯಾಬು ಅವಳದು. ಮೇಜಿನ ಮೇಲೆ ಎರಡು ಬಾಟಲಿ, ಚೀಟಿಯಲ್ಲಿ ಬರೀ ನಂಬರು. ಒಂದರಲ್ಲಿ ಶುದ್ಧ ನೀರು, ಹೋಲಿಸಿ ನೋಡಲಿಕ್ಕೆ. ಇನ್ನೊಂದರಲ್ಲಿ ಕೊನೇ ಬೀದಿಯ ನಲ್ಲಿ ನೀರು. ಕೋರ್ಟಿನವರ ಎದುರೇ ಹಿಡಿದದ್ದು. ಅದು ಕೈತಪ್ಪಿದರೆ ಧಣಿಯ ಮೇಲಿನ ಕೇಸು ಢಮಾರ್, ಆ ಬೀದಿಯ ಮಕ್ಕಳಿಗೆ ವಿಷವೇ ಗತಿ.

ಅಕ್ಕ ತಲೆ ಅಲ್ಲಾಡಿಸಿದಳು.

"ಗೊತ್ತಿಲ್ವಾ? ಟೆಸ್ಟ್ ಮಾಡಿ ತೋರ್ಸು!"

ಅಕ್ಕ ಎರಡು ಗ್ಲಾಸಿಗೆ ಸ್ವಲ್ಪ ಸ್ವಲ್ಪ ನೀರು ಬಗ್ಗಿಸಿದಳು. ತಾನೇ ತಯಾರಿಸಿದ ನ್ಯಾನೋ ಪುಡಿ, ಚಿಟಿಕೆಯಷ್ಟು. ಪರದೆ ಎಳೆದು ನೇರಳೆ ದೀಪ ಹಾಕಿದಳು.

ಒಂದು ಗ್ಲಾಸು ನೀಲಿಯಾಗಿ ಹೊಳೆಯಿತು! ಇನ್ನೊಂದು ಕಪ್ಪಗೆ ಕೂತಿತು.

"ಸಿಕ್ತು! ಹೊಳೀತಿರೋದೇ ವಿಷ!"

"ಅಲ್ಲಪ್ಪಾ, ಅದು..."

ತಪ್ಪು ಕಂಡರೆ ತಿದ್ದುವ ಚಟ ನಮ್ಮಕ್ಕನಿಗೆ, ತಲೆ ಹೋಗುವಾಗಲೂ! ಮೇಜಿನ ಕೆಳಗೆ ಅವಳ ಕಾಲು ತುಳಿದೆ.

ಹೆಗ್ಗಣ ಹೊಳೆದ ನೀರಿನ ಬಾಟಲಿಯನ್ನು ಸಿಂಕಿಗೆ ಸುರಿದ. ಒಂದು ಹನಿ ಬಿಡದೆ.

ಸಾರ್, ಆ ಪುಡಿಯ ಸ್ವಭಾವವೇ ಉಲ್ಟಾ. ಶುದ್ಧ ನೀರಲ್ಲಿ ಹೊಳೆಯುತ್ತದೆ. ಸೀಸ ತಗುಲಿದರೆ ಆರಿಹೋಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಹೆಗ್ಗಣನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪಿಸ್ತೂಲು ಸೊಂಟಕ್ಕೆ ಸೇರಿತು. ಬಾಗಿಲಲ್ಲಿ ನಿಂತು ಕೇಳಿದ, "ಇನ್ನೊಂದು ಯಾವ ನೀರು?"

"ಕೊನೇ ಬೀದೀದು." ಸುಸ್ತಾಗಿದ್ದೆ. ಸತ್ಯ ಬಾಯಿಂದ ಜಾರಿಬಿಟ್ಟಿತು.

ಅವನ ಮುಖ ಅರಳಿತು! "ಅಬ್ಬಾ, ಬದುಕಿದೆ! ನಮ್ಮನೆ ಅಲ್ಲೇ ಇರೋದು. ಮಗಳಿಗೆ ಇನ್ನೂ ಎರಡು ವರ್ಷ... ಅದೇ ನೀರು ಕುಡಿಯೋದು. ಹೆಂಡ್ತಿ ಕಾಯಿಸಿ ಕೊಡು ಅಂತಾಳೆ. ಸುಮ್ನೆ ಗ್ಯಾಸ್ ದಂಡ!"

ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದ.

ಅಕ್ಕ ಕಪ್ಪು ಗ್ಲಾಸನ್ನು ನೋಡಿದಳು. ಆಮೇಲೆ ನನ್ನನ್ನು.

"ನೋಡ್ಬೇಡ ಕಣೇ ಹಾಗೆ..." ಅಂದೆ. "ಹೇಳಿದ್ರೆ ವಾಪಸ್ ಬಂದು ಇದನ್ನೂ ಸುರೀತಾನೆ."

"ಎರಡು ವರ್ಷದ ಮಗು ಕಣೋ."

ನಾನು ಬಾಗಿಲತ್ತ ತಿರುಗಿದೆ.

"ಬಾಟ್ಲಿ ಬೀರುವಲ್ಲಿಟ್ಟು ಬೀಗ ಹಾಕು. ಹಿಂದಿನ ಬಾಗಿಲಿಂದ ಹೊರಡು, ಸೀದಾ ಕೋರ್ಟಿಗೆ... ಥೂ, ಬೀರು ಬೇಡ, ಕೈಯಲ್ಲೇ ಹಿಡ್ಕೊಂಡು ಹೋಗು!"

ಇಪ್ಪತ್ತು ವರ್ಷ ಪಿಸ್ತೂಲು ಹಿಡಿದವರು ನನ್ನ ಹಿಂದೆ ಓಡಿದ್ದಾರೆ ಸಾರ್. ಅವತ್ತು, ತಿಂಡಿಯೂ ಇಲ್ಲದ ಹೊಟ್ಟೆಯಲ್ಲಿ, ಒಬ್ಬನ ಹಿಂದೆ ನಾನೇ ಓಡಿದೆ!