ಮಾ ಉರ್ಸುಲಾಳ ಪೆಟ್ಟಿಗೆಯ ಉಯಿಲು

ಪೆಟ್ಟಿಗೆ ತೆರೆದಾಗ ಒಳಗೆ ಉಯಿಲು ಇರಲಿಲ್ಲ. ಮಾ ಉರ್ಸುಲಾಳ ಮದುವೆಯ ಉಡುಪಿತ್ತು, ಜಪಮಾಲೆಯಿತ್ತು. ಉಯಿಲಿದ್ದ ಅರಗಿನ ಮುದ್ರೆಯ ಲಕೋಟೆ ಮಾತ್ರ ಮಾಯವಾಗಿತ್ತು.

ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಒಡೆಟ್ ಬಳಿ. ಆಕೆ ಉರ್ಸುಲಾಳ ತಂಗಿಯ ಮಗಳು. ಹಾಸಿಗೆ ಹಿಡಿದ ದೊಡ್ಡಮ್ಮನನ್ನು ಕೊನೆಯವರೆಗೂ ನೋಡಿಕೊಂಡವಳು. ಆ ಮನೆ ಬಿಟ್ಟರೆ ಅವಳಿಗೆ ಬೇರೆ ಸೂರಿಲ್ಲ.

ಅದೇ ಸಂಜೆ ಉರ್ಸುಲಾಳ ಅಣ್ಣನ ಮಗ ಕಾಸಿಯಸ್ ಬೇರೊಂದು ಉಯಿಲು ತಂದ. ಮನೆ, ಅಂಗಡಿ ಎರಡೂ ತನ್ನದೆಂದ. ಹಳೆಯದನ್ನು ಒಡೆಟ್ಟೇ ಸುಟ್ಟಿರಬೇಕೆಂದೂ ಸೇರಿಸಿದ.

* * *

ಪೊಲೀಸ್ ಸಾರ್ಜೆಂಟ್ ಇಸ್ಮೇ ಮಗ್ಲಾರ್ ಮರುದಿನ ಬಂದಳು. ಕಳ್ಳಿಯೆಂಬ ಹೆಸರು ಹೊತ್ತಿದ್ದರೂ ಒಡೆಟ್ ಅವಳಿಗೆ ಬಿಸಿ ಕೋಕೋ ಕಾಸಿ ಕೊಟ್ಟಳು. ಕಾಸಿಯಸ್‌ಗೂ ಒಂದು ಲೋಟ ಇಟ್ಟಳು.

ಕೀಲಿಯ ಸುಳಿವು ಬೇಗನೆ ಬಿದ್ದುಹೋಯಿತು. ಸಾವಿನ ಮನೆಯ ಜಾಗರಣೆಯ ದಿನಗಳಲ್ಲಿ ಅದು ಅಡುಗೆಮನೆಯ ಬಾಗಿಲಲ್ಲೇ ನೇತಾಡುತ್ತಿತ್ತಂತೆ. ಊರೆಲ್ಲ ಬಂದುಹೋದ ಮನೆಯದು. ಯಾರು ಬೇಕಾದರೂ ತೆಗೆಯಬಹುದಿತ್ತು.

ಇಸ್ಮೇ ಹೊಸ ಉಯಿಲನ್ನು ಕೈಗೆತ್ತಿಕೊಂಡಳು.

"ನಿಮ್ಮತ್ತೆ ಇದಕ್ಕೆ ಯಾವತ್ತು ಸಹಿ ಹಾಕಿದ್ರು?"

"ಅಲ್ಲೇ ಬರ್ದಿದೆಯಲ್ಲ ಮೇಡಂ. ಕಳೆದ ವರ್ಷ ಏಪ್ರಿಲ್ ಹದಿನೆಂಟು."

"ಸಾಕ್ಷಿಗಳು?"

"ಬಡಗಿ ಅಲ್ಫೋನ್ಸ್, ಅವನ ತಮ್ಮ. ಮೇಲೆ ಸೂರಿನ ತಗಡಿಗೆ ಮೊಳೆ ಹೊಡೀತಿದ್ರು. ಅತ್ತೆ ಕೆಳಗೆ ಕರೆದ್ರು. ಏಣಿ ಹಿಡ್ಕೊಂಡಿದ್ದೋನು ನಾನೇ."

ಅಣ್ಣತಮ್ಮಂದಿರಿಬ್ಬರೂ ಆಮೇಲೆ ದೋಣಿ ಮುಗುಚಿ ತೀರಿಕೊಂಡಿದ್ದರು. ಕೇಳಲು ಯಾರೂ ಉಳಿದಿರಲಿಲ್ಲ. ಇಸ್ಮೇ ತಲೆಯಾಡಿಸಿ ದ್ವೀಪದ ರಾಜಧಾನಿಗೆ ಹೊರಟಳು.

* * *

ಮೂರನೆಯ ದಿನ ಮರಳಿ ಬಂದಾಗ ಅವಳ ಕೈಯಲ್ಲೊಂದು ಲಕೋಟೆಯಿತ್ತು. ಇಬ್ಬರನ್ನೂ ಕೂರಿಸಿದಳು.

"ಕಾಸಿಯಸ್, ಆ ಏಪ್ರಿಲ್ ಹದಿನೆಂಟಕ್ಕೆ ಶಿಲುಬೆ ಮೆರವಣಿಗೆಗೆ ಅಂತ ರಸ್ತೆ ತಡೆದು ನಿಂತಿದ್ದೋಳು ನಾನು. ಅವತ್ತು ಗುಡ್ ಫ್ರೈಡೇ ಕಣಪ್ಪ. ಏಸುವಿಗೆ ಮೊಳೆ ಹೊಡೆದ ದಿನ ನಮ್ಮ ದ್ವೀಪದಲ್ಲಿ ಯಾವ ಬಡಗಿ ಸುತ್ತಿಗೆ ಮುಟ್ತಾನೆ? ಅದೂ ಮಾ ಉರ್ಸುಲಾ ತಲೆ ಮೇಲೆ?"

ಆ ಏಪ್ರಿಲ್‌ನಲ್ಲಿ ಸೂರು ರಿಪೇರಿ ನಡೆದದ್ದು ನಿಜ. ಕಾಸಿಯಸ್ ತಿಂಗಳನ್ನು ನೆನಪಿಟ್ಟುಕೊಂಡು ದಿನವನ್ನು ಊಹಿಸಿ ಸುಳ್ಳು ಉಯಿಲು ಬರೆದಿದ್ದ. ಆ ಶುಕ್ರವಾರ ಪ್ರತಿವರ್ಷ ಬೇರೆ ತಾರೀಖಿಗೆ ಬರುತ್ತದೆಂಬುದನ್ನೇ ಮರೆತಿದ್ದ.

ಉಳಿದದ್ದನ್ನು ಇಸ್ಮೇ ವಿವರಿಸಿದಳು. ಹಳ್ಳಿಯ ಮುದುಕಿ ತಾನೇ ಅರಗಿನ ಮುದ್ರೆ ಒತ್ತುವುದಿಲ್ಲ. ಅದು ವಕೀಲರ ಕೆಲಸ. ಹಾಗಾಗಿ ರಾಜಧಾನಿಯ ವಕೀಲರ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದ್ದಳು. ಒಬ್ಬರ ಬಳಿ ಹಳೆಯ ಉಯಿಲಿನ ಸಹಿಯಾದ ಎರಡನೆಯ ಪ್ರತಿ ಸಿಕ್ಕಿತು.

ಅವಳು ಓದಿದಳು. ಮನೆ ಒಡೆಟ್‌ಗೆ. ಸಮುದ್ರದೆದುರಿನ ಅಂಗಡಿ ಕಾಸಿಯಸ್‌ಗೆ.

ಕಾಸಿಯಸ್ ಮುಖ ಮುಚ್ಚಿಕೊಂಡ. "ಅತ್ತೆ ಜೊತೆ ಜಗಳ ಆಡಿದ್ದೆನಲ್ಲ, ನನ್ನ ಹೆಸರೇ ಇರಲ್ಲ ಅಂದ್ಕೊಂಡೆ. ಲಕೋಟೆ ಒಡೆದೂ ನೋಡದೆ ಒಲೆಗೆ ಹಾಕ್ದೆ."

"ದೊಡ್ಡಮ್ಮ ದಿನಾ ನಿನ್ನ ಬೈತಿದ್ರು ಕಣೋ," ಒಡೆಟ್ ಎಂದಳು. "ಮರೆತೋರನ್ನ ಯಾರಾದ್ರೂ ದಿನಾ ಬೈತಾರಾ?"

ಕಾಸಿಯಸ್‌ನನ್ನು ಒಯ್ಯಲು ಹೊರಗೆ ಪೊಲೀಸ್ ಜೀಪು ಕಾಯುತ್ತಿತ್ತು. ಒಡೆಟ್ ಒಳಗೆ ಹೋಗಿ, ತನ್ನದೇ ಆದ ಅಡುಗೆಮನೆಯಿಂದ ಹುರಿದ ಮೀನು, ಬೇಯಿಸಿದ ಹಸಿರು ಬಾಳೆಕಾಯಿ ಬಡಿಸಿ ತಂದು ಅವನ ಮುಂದಿಟ್ಟಳು. ಇಸ್ಮೇ ಟೋಪಿ ತೆಗೆದು ಪಕ್ಕಕ್ಕಿಟ್ಟು, ಡ್ರೈವರ್‌ಗೆ ಇಂಜಿನ್ ಆರಿಸಲು ಹೇಳಿದಳು.