ಅಳಿಸದೆ ಉಳಿದ ಲಿಂಕ್

“ನನ್ನ ಸೈಟಲ್ಲಿ ಮೂವತ್ತೊಂದು ಲಿಂಕ್ ಇತ್ತು! ಯಾರನ್ನ ಕೇಳಿ ಮೂವತ್ತನ್ನ ತೆಗೆದ್ರಿ?”

ಸ್ಕ್ರೂಡ್ರೈವರ್ ಹಿಡಿದ ಕೈಯಲ್ಲೇ ಅವಳು ಅವನ ಆಫೀಸಿಗೆ ನುಗ್ಗಿದ್ದಳು. ಅವನು ಗಾಬರಿಯಿಂದ ಎದ್ದು ನಿಂತ.

ವೆಬ್‌ಸೈಟುಗಳನ್ನು ಸರ್ಚ್‌ನಲ್ಲಿ ಮೇಲಕ್ಕೆ ತರುವುದು ಅವನ ಕಸುಬು. ಅವಳ ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಸೈಟಿಗೆ ಅವನನ್ನು ಗೊತ್ತುಮಾಡಿಕೊಟ್ಟವಳು ಅವಳ ಅತ್ತಿಗೆ. ಆರು ವಾರದಿಂದ ಪ್ರತಿ ಮಂಗಳವಾರ ಇಬ್ಬರೂ ಒಂದೇ ಪರದೆಗೆ ಕಣ್ಣು ನೆಟ್ಟು ಕೂರುತ್ತಿದ್ದರು. ಸೋಮವಾರ ಸಂಜೆಯಿಂದಲೇ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ಬೇರೆ ಸೈಟಿಗೆ ಹೋಗೋ ಲಿಂಕಿಂದ ಸರ್ಚಲ್ಲಿ ನಿಮ್ಮ ಸೈಟಿನ ಬಲ ಸೋರಿಹೋಗುತ್ತೆ, ಅದಕ್ಕೇ...”

“ಆ ಪುಟಗಳನ್ನ ಬರೆದೋರೆಲ್ಲ ನನಗೆ ಕೆಲಸ ಕಲಿಸಿದೋರು! ಅದಿರ್ಲಿ, ಉಳಿಸಿದ ಒಂದು ಯಾರದು? ಆ ಪುಟದ ಕೆಳಗೆ ನಿಮ್ಮದೇ ಇಮೇಲ್ ಇದೆ! ಎಲ್ಲರಿಗೂ ಕತ್ತರಿ, ನಿಮಗೆ ಮಾತ್ರ ಮಣೆ?”

‘ಇಂಥವನನ್ನಾ ನಾನು ನಂಬಿದ್ದು!’ ಅವಳು ಅಂದುಕೊಂಡಳು.

ಅವನು ಆ ಪುಟ ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದ. ‘ದಾರ ತುಂಡಾದರೆ ಯಂತ್ರವನ್ನು ಬೈಯಬೇಡಿ. ಮೊದಲು ಸೂಜಿ ನೋಡಿ.’ ಈ ಸಾಲು ಅವಳಿಗೆ ಬಾಯಿಪಾಠ. ಅವಳ ಮೊಟ್ಟಮೊದಲ ಗ್ರಾಹಕಿ ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಿದ್ದ ಪುಟ ಇದು. ಅವಳು ಮೊದಲ ಯಂತ್ರ ರಿಪೇರಿ ಮಾಡಿದ್ದೇ ಇದನ್ನು ಓದಿ.

“ನಮ್ಮಮ್ಮನ ನೋಟ್‌ಬುಕ್ ಇದು... ಅವರು ಹೋದಮೇಲೆ ನಾನೇ ಟೈಪ್ ಮಾಡಿ ಹಾಕಿದ್ದು. ಎರಡು ವರ್ಷ ಒಬ್ಬಿಬ್ಬರನ್ನ ಬಿಟ್ರೆ ಒಂದು ನರಪಿಳ್ಳೆನೂ ಬರಲಿಲ್ಲ. ಆಮೇಲೆ ಒಂದಿನ ನೋಡ್ತೀನಿ, ಹನ್ನೊಂದು ಜನ! ಎಲ್ಲರೂ ಒಂದೇ ಕಡೆಯಿಂದ ಬಂದಿದ್ರು.”

“ನನ್ನ ಸೈಟಿಂದ...?”

“ಇಷ್ಟು ದೊಡ್ಡ ಇಂಟರ್ನೆಟ್ಟಲ್ಲಿ ಅಮ್ಮನ ಕಡೆ ಕೈ ತೋರಿಸಿದೋರು ನೀವೊಬ್ರೇ. ನಿಮ್ಮ ಅತ್ತಿಗೆ ಸೈಟಿನ ಹೆಸರು ಹೇಳಿದ ಕೂಡಲೇ ಕೆಲಸ ಒಪ್ಪಿಕೊಂಡೆ. ಅದೊಂದನ್ನ ಅಳಿಸೋಕೆ ಆಗ್ಲಿಲ್ಲ, ಹೇಳೋಕೂ ಆಗ್ಲಿಲ್ಲ.”

ಯಾವುದೋ ಮಧ್ಯಾಹ್ನ ಎರಡು ನಿಮಿಷದಲ್ಲಿ ಹಾಕಿ ಮರೆತ ಲಿಂಕ್! ಅದನ್ನು ಹಿಡಿದು ಗುರುತಿಲ್ಲದ ಜನ ತೀರಿಹೋದ ತಾಯಿಯೊಬ್ಬಳ ಮಾತು ಕೇಳಲು ಹೋಗುತ್ತಿದ್ದರಾ?

“ಹಾಗಾದ್ರೆ... ಉಳಿದ ಮೂವತ್ತು ಪುಟಗಳ ಹಿಂದೆಯೂ ಯಾರೋ ಹೀಗೇ ಕಾಯ್ತಾ ಇರಬಹುದಲ್ವಾ?” ಅವಳ ದನಿ ಮೆತ್ತಗಾಗಿತ್ತು.

ಅವನು ತಲೆ ತಗ್ಗಿಸಿದ. “ಬಲ ಸೋರುತ್ತೆ ಅನ್ನೋದು ಹಳೇ ನಂಬಿಕೆ. ಓದೋರಿಗೆ ಉಪಯೋಗ ಆಗೋ ಒಳ್ಳೇ ಲಿಂಕಿಂದ ಯಾವ ಸೈಟೂ ಮುಳುಗಲ್ಲ. ಯೋಚನೆ ಮಾಡದೆ ಗಿಳಿಪಾಠ ಒಪ್ಪಿಸಿಬಿಟ್ಟೆ. ತಪ್ಪಾಯ್ತು.”

ಇಬ್ಬರೂ ಕೂತು ಒಂದೊಂದಾಗಿ ಮೂವತ್ತನ್ನೂ ವಾಪಸ್ ಹಾಕಿದರು. ಎರಡು ಪುಟಗಳು ವಿಳಾಸ ಬದಲಿಸಿದ್ದವು. ಅವನೇ ಹುಡುಕಿ ಸರಿಮಾಡಿದ.

“ಅಮ್ಮನ ಪುಟದಿಂದ ಹೊರಗೆ ಒಂದೂ ಲಿಂಕ್ ಇಲ್ಲ,” ಅವನು ಮೆಲ್ಲಗೆ ಹೇಳಿದ. “ಮೊದಲನೇದು ನಿಮ್ಮ ಸೈಟಿಗೆ...”

“ಏನಂತ ಬರೀತೀರಿ?”

ಅವನು ಅಮ್ಮನ ಮಾತಿನಂತೆಯೇ ಟೈಪ್ ಮಾಡಿದ. ‘ನನ್ನ ಸೊಸೆಯ ಅಂಗಡಿ.’

ಅವಳು ಆ ಸಾಲನ್ನು ಎರಡು ಸಲ ಓದಿದಳು.

“ನೀವು ಹೂಂ ಅನ್ನದೆ ಹಾಕಲ್ಲ,” ಅವನ ಬೆರಳು ಎಂಟರ್ ಕೀಲಿಯ ಮೇಲಿತ್ತು. “ನೀವಂದ್ರೆ ನಂಗೆ ತುಂಬಾ ಇಷ್ಟ. ಹಾಕಲಾ?”

ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳು ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.

“ಈ ಸಲ ಕೇಳಿದ್ರಲ್ಲ... ಅಷ್ಟು ಸಾಕು!”