ಅಲಾರಂ ಇಲ್ಲದ ಫೋನು

ಮೂವತ್ತೆಂಟು ವರ್ಷದ ಗಂಡಸನ್ನು ಊರಿಗೆ ಊರೇ ‘ಮರಿ ಭಟ್ರೇ’ ಎಂದು ಕರೆದರೆ ಅವನಿಗೆ ಹೇಗಾಗುತ್ತದೆ ಎಂಬುದನ್ನು ಹರಿಕೃಷ್ಣನನ್ನೇ ಕೇಳಬೇಕು. ಮಣ್ಣಗುಡ್ಡದ ದೇವಸ್ಥಾನದಲ್ಲಿ ಅಣ್ಣ ಚಕ್ರಪಾಣಿ ಪ್ರಧಾನ ಅರ್ಚಕ, ಇವನು ಸಹಾಯಕ. ಗಂಧ ತೇಯುವುದು, ನೈವೇದ್ಯ ಬೇಯಿಸುವುದು, ಅಣ್ಣ ತಿರುಗಿ ನೋಡದೆ ಕೈ ಚಾಚಿದಾಗ ಆ ಕೈಗೆ ಆರತಿ ಇಡುವುದು. ತಲೆ ನೆರೆಯತೊಡಗಿದರೂ ಮರಿತನ ಮಾತ್ರ ಹೋಗಲಿಲ್ಲ. ಮೊನ್ನೆ ನೆಂಟಸ್ತಿಕೆಗೆ ಬಂದ ಹೆಣ್ಣಿನ ಕಡೆಯವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, “ಪ್ರಧಾನ ಅರ್ಚಕರಾಗಿದ್ರೆ ನೋಡ್ಬಹುದಿತ್ತು” ಎಂದು ಎದ್ದುಹೋಗಿದ್ದರು. ಅವರ ಜೊತೆ ಬಂದಿದ್ದ ಹುಡುಗಿ ಗೇಟಿನ ಹತ್ತಿರ ಒಮ್ಮೆ ಹಿಂತಿರುಗಿ ನೋಡಿದ್ದಳು. ಅದೊಂದು ನೋಟ ಅವನನ್ನು ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ.

ದಾರಿ ತೋರಿಸಿದವರು ದೇವಸ್ಥಾನದ ಆಡಳಿತ ನಡೆಸುವ ಮೊಕ್ತೇಸರರೇ. ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ಪೂಜೆ ಮುಗಿಯಬೇಕು. ಒಂದು ದಿನ ಚಕ್ರಪಾಣಿಯ ಸ್ಕೂಟರು ಲೇಡಿಹಿಲ್ ಹತ್ತಿರ ಕೈಕೊಟ್ಟು, ಅವನು ತಳ್ಳಿಕೊಂಡು ಬರುವಷ್ಟರಲ್ಲಿ ಕಾಗೆ ಕೂಗಿತ್ತು. ಮೊಕ್ತೇಸರರು ಭಕ್ತರ ಎದುರೇ ಗದರಿದರು. “ಇನ್ನೊಂದು ಸಲ ಹೀಗಾದ್ರೆ ನೀವು ಮನೆಯಲ್ಲೇ ಇರಿ ಭಟ್ರೇ. ನಿಮ್ಮ ತಮ್ಮ ಇದ್ದಾನಲ್ಲ, ಅವನೇ ಮಾಡ್ಲಿ.”

ಚಕ್ರಪಾಣಿ ತಲೆ ತಗ್ಗಿಸಿದ. ತಮ್ಮನೂ ತಗ್ಗಿಸಿದ, ಮುಖ ಕಾಣದಿರಲಿ ಎಂದು.

ಇನ್ನೊಂದು ಸಲ. ಬೇಕಾದದ್ದು ಅಷ್ಟೇ. ಮಾಸದ ಕೊನೆಯ ದಿನ ಅಂಗಳ ತುಂಬ ಜನ ಸೇರುತ್ತಾರೆ. ಅಂದು ಅಣ್ಣ ಏಳಬಾರದು, ತಾನು ಸರಿಯಾದ ಹೊತ್ತಿಗೆ ಒದ್ದೆ ಪಂಚೆಯಲ್ಲಿ ಗರ್ಭಗುಡಿಯ ಎದುರು ನಿಂತಿರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅಣ್ಣನನ್ನು ಏಳಿಸುವುದು ಅವನ ಹೊಸ ಫೋನು. ಅಲಾರಂ ಆಫ್ ಮಾಡುವುದು ಎರಡು ನಿಮಿಷದ ಕೆಲಸ, ನಿಜ. ಆದರೆ ಅಲಾರಂ ತನ್ನಷ್ಟಕ್ಕೆ ಆಫ್ ಆಗುವುದಿಲ್ಲ, ಅದಕ್ಕೆ ಒಂದು ಬೆರಳು ಬೇಕು, ಬೆರಳಿಗೆ ಒಬ್ಬ ಯಜಮಾನ ಇರುತ್ತಾನೆ. ಹರಿಕೃಷ್ಣ ಅಷ್ಟು ದಡ್ಡನಲ್ಲ. ಅವನು ಕಾದ. ಕಾದದ್ದಕ್ಕೆ ಫಲವೂ ಸಿಕ್ಕಿತು.

“ಇದರಲ್ಲಿ ಎಂತೆಂತದೋ ಉಂಟು ಮಾರಾಯ,” ಚಕ್ರಪಾಣಿ ಒಂದು ಸಂಜೆ ಫೋನನ್ನು ಮುಂದೆ ಹಿಡಿದ. “ಆಟ, ಸಾಮಾನು ಮಾರುವ ಪೇಟೆ, ಸಾಲ ಕೊಡುವವರು. ನಾನು ಯಾವುದನ್ನೂ ಹಾಕ್ಲಿಲ್ಲ. ತೆಗಿಲಿಕ್ಕೆ ಹೋದ್ರೆ ಹೋಗುದೂ ಇಲ್ಲ. ನಿನಗೆ ಗೊತ್ತುಂಟಲ್ಲ, ಸ್ವಲ್ಪ ಕ್ಲೀನ್ ಮಾಡಿ ಕೊಡು.”

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ ಎಂದುಕೊಂಡ ಹರಿಕೃಷ್ಣ.

ಗೊತ್ತಿತ್ತು ಅವನಿಗೆ. ಬಿಜೈ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಕೆಲ್ವಿನ್ ಇವನ ಫೋನಿನಿಂದ ಅಂಥದ್ದೇ ಕಸ ತೆಗೆಯುವಾಗ ಪಕ್ಕದಲ್ಲೇ ನಿಂತು ನೋಡಿದ್ದ. ಕಂಪನಿಯೇ ತುಂಬಿಸಿ ಕಳಿಸಿದ ಆ್ಯಪ್‌ಗಳಿಗೆ ‘ಅನ್‌ಇನ್‌ಸ್ಟಾಲ್’ ಎಂಬ ಬಟನ್ನೇ ಇರುವುದಿಲ್ಲ. ‘ಡಿಸೇಬಲ್’ ಇದ್ದರೂ ಒತ್ತಲಾಗದಂತೆ ಮಂಕಾಗಿರುತ್ತದೆ. ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಒಂದೊಂದರ ಹೆಸರನ್ನೂ ಟೈಪ್ ಮಾಡಿ ಹೊರಗೆ ಹಾಕಬೇಕು. “ನೋಡಿ ತೆಗೀಬೇಕು ಮರಿ ಭಟ್ರೇ,” ಕೆಲ್ವಿನ್ ಅಂದಿದ್ದ. “ಬೇಡದ್ದು ತೆಗಿಲಿಕ್ಕೆ ಹೋಗಿ ಬೇಕಾದ್ದೂ ಹೋಗ್ತದೆ ಕೆಲವು ಸಲ.”

ಆ ಮಾತು ಅವನಿಗೆ ಮಂತ್ರದಂತೆ ಕಂಠಪಾಠವಾಗಿತ್ತು. ಯಾರಾದರೂ ಕೇಳಿದರೆ ಹೇಳಲು ಅದೇ ಮಾತು ಸಾಕು.

ಕೊನೆಯ ದಿನಕ್ಕೆ ಮುಂಚಿನ ಮಧ್ಯಾಹ್ನ, ಸೇವಾ ರಶೀದಿ ಕೊಡುವ ಆಫೀಸಿನ ಕಂಪ್ಯೂಟರಿನಲ್ಲಿಯೇ ಅವನು ಕೆಲಸ ಮುಗಿಸಿದ. ಮೊದಲು ಆಟಗಳು ಹೋದವು. ಆಮೇಲೆ ಪೇಟೆ, ಸಾಲದವರು, ಯಾರೂ ಕೇಳದ ಸುದ್ದಿ ಹೇಳುವ ಇನ್ನೊಂದು. ನಡುವೆ, ತರಕಾರಿ ಚೀಲದಲ್ಲಿ ಒಂದು ಕಲ್ಲು ಸೇರಿಸಿದ ಹಾಗೆ, ಗಡಿಯಾರದ ಆ್ಯಪ್. ಬಾಗಿಲಿನತ್ತ ನೋಡಿದ, ಯಾರೂ ಇರಲಿಲ್ಲ. ಎಂಟರ್ ಒತ್ತಿದ.

ಫೋನಿನ ಮುಖದ ಮೇಲೆ ಗಂಟೆ ಮೊದಲಿನಂತೆಯೇ ಕಾಣುತ್ತಿತ್ತು. ಅದರ ಚಂದವೇ ಅದು. ಗಂಟೆ ತೋರಿಸುವುದು ಬೇರೆ, ಅಲಾರಂ ಹೊಡೆಯುವುದು ಬೇರೆ. ಎಂದೋ ಒಮ್ಮೆ ಇಟ್ಟ ಅಲಾರಂ ದಿನವೂ ತಾನಾಗಿ ಹೊಡೆಯುತ್ತಿದ್ದುದರಿಂದ ಚಕ್ರಪಾಣಿ ಆ ಗಡಿಯಾರದ ಚಿತ್ರವನ್ನು ಮುಟ್ಟಿ ನೋಡಿದವನೇ ಅಲ್ಲ. ಫೋನು ಕೈಗೆ ಬಂದಾಗ ಅವನು ಮಗುವಿನಂತೆ ನಕ್ಕ. “ಹಗುರ ಆಯ್ತು ನೋಡು! ನೀನಿಲ್ಲದಿದ್ರೆ ನನ್ನ ಗತಿ ಎಂತ?”

ಹರಿಕೃಷ್ಣನಿಗೆ ಒಂದು ಕ್ಷಣ ಎದೆ ಚುಚ್ಚಿತು. ಗೇಟಿನ ಹತ್ತಿರ ತಿರುಗಿ ನೋಡಿದ ಮುಖವನ್ನು ನೆನಪಿಸಿಕೊಂಡು ಆ ನೋವನ್ನು ನುಂಗಿದ.

ಉಳಿದುದೆಲ್ಲ ಲೆಕ್ಕ ಹಾಕಿಯೇ ಇತ್ತು. ಅತ್ತಿಗೆ ನೀರಜಾಕ್ಷಿ ಮಗಳು ಮಾನ್ಯಾಳ ಮನೆಗೆಂದು ಉಡುಪಿಗೆ ಹೋಗಿದ್ದಳು. ಬಿಜೈಯ ಮನೆಯಲ್ಲಿ ಕೆಳಗೆ ಅಣ್ಣ, ಮೇಲಿನ ಕೋಣೆಯಲ್ಲಿ ತಮ್ಮ, ಇಬ್ಬರೇ. ಅಣ್ಣ ರಾತ್ರಿ ಫೋನನ್ನು ಸೈಲೆಂಟಿನಲ್ಲಿಡುವವನು. ದೇವಸ್ಥಾನದಿಂದ ಎಷ್ಟು ಕರೆ ಬಂದರೂ ಕೇಳಿಸದು. ತನ್ನ ಫೋನನ್ನು ಹರಿಕೃಷ್ಣ ಪೂರ್ತಿ ಆಫ್ ಮಾಡಿದ. ‘ಅಣ್ಣನನ್ನು ಎಬ್ಬಿಸು’ ಎಂದು ಯಾರೂ ಹೇಳಬಾರದಲ್ಲ. ಅಲಾರಂ ಇಟ್ಟರೆ ಆ ಸದ್ದಿಗೆ ಅಣ್ಣನೇ ಎದ್ದುಬಿಟ್ಟಾನು. ತನಗೆ ಅಲಾರಂ ಯಾಕೆ? ಇಷ್ಟು ವರ್ಷ ಒಂದು ದಿನವೂ ಯಾರೂ ಕದ ತಟ್ಟಿ ಎಬ್ಬಿಸಿದ್ದಿಲ್ಲ. ಹೊತ್ತಿಗೆ ಸರಿಯಾಗಿ ಕಣ್ಣು ತಾನಾಗಿ ತೆರೆಯುತ್ತಿತ್ತು. ಆ ವಿಷಯದಲ್ಲಿ ಅವನಿಗೆ ಸಣ್ಣ ಜಂಬವೂ ಇತ್ತು. ಅಣ್ಣನಿಗೆ ಯಂತ್ರ ಬೇಕು, ತನಗೆ ಬೇಡ. ಮನೆಯಲ್ಲಿ ನೀರಿನ ಸದ್ದಾಗದಂತೆ ದೇವಸ್ಥಾನದ ಬಾವಿಯಲ್ಲೇ ಸ್ನಾನ ಮಾಡುವುದು ಎಂದೂ ನಿಶ್ಚಯಿಸಿದ್ದ. ಗರ್ಭಗುಡಿಯ ಇನ್ನೊಂದು ಬೀಗದ ಕೈ ಆಫೀಸಿನಲ್ಲೇ ಇತ್ತು. ಪೂಜೆ ಮುಗಿದ ಮೇಲೆ ಏನಾದರೂ ನೆಪ ಹೇಳಿ ಅಣ್ಣನ ಫೋನನ್ನು ತಂದು, ಆಫೀಸಿನ ಕಂಪ್ಯೂಟರಿನಲ್ಲಿ ಇನ್ನೊಂದು ಸಾಲು ಟೈಪ್ ಮಾಡಿದರೆ ಗಡಿಯಾರ ಫೋನಿಗೆ ವಾಪಸು.

ಮಲಗಿದರೆ ನಿದ್ದೆ ಹತ್ತಲಿಲ್ಲ. ಮಗ್ಗುಲು ಬದಲಿಸಿದ, ನೀರು ಕುಡಿದ, ಕೆಳಗಿನಿಂದ ಬರುವ ಗೊರಕೆಗೆ ಕಿವಿಕೊಟ್ಟ. ನಾಳೆ ಮೊಕ್ತೇಸರರ ಎದುರು ಎಷ್ಟು ಬೇಸರದ ಮುಖ ಮಾಡಬೇಕು ಎಂಬುದನ್ನು ಎರಡು ಮೂರು ರೀತಿ ಮಾಡಿ ನೋಡಿದ. ಜಾಸ್ತಿ ಬೇಡ, ಸ್ವಲ್ಪವೇ ಸಾಕು ಎನ್ನಿಸಿತು. ಕೊನೆಗೆ ಆ ಹುಡುಗಿಯ ಮನೆಯವರು ಮತ್ತೊಮ್ಮೆ ಬಂದು ಕಾಫಿ ಕುಡಿಯುವುದನ್ನು ನೆನೆಯುತ್ತ ಕಣ್ಣು ಮುಚ್ಚಿದ.

ಅವನನ್ನು ಎಬ್ಬಿಸಿದ್ದು ಗೇಟು ಬಡಿಯುವ ಸದ್ದು. ಕೋಣೆಯ ತುಂಬ ಬಿಸಿಲು. ಹರಿಕೃಷ್ಣ ಮೆಟ್ಟಿಲಿಳಿದು ಓಡಿದ. ಜಗಲಿಯಲ್ಲಿ ಅಣ್ಣ, ಬೈರಾಸು ಹೆಗಲಿಗೆ ಹಾಕಿಕೊಂಡು ಕೈಮುಗಿದು ನಿಂತಿದ್ದ. ಅಂಗಳದಲ್ಲಿ ಮೊಕ್ತೇಸರರು, ಅವರ ಹಿಂದೆ ಕಮಿಟಿಯ ದೀಪೇಶ್.

“ಊರಿಡೀ ಅಂಗಳದಲ್ಲಿ ಕಾದದ್ದು, ದೇವರಿಗೆ ಒಂದು ತಂಬಿಗೆ ನೀರಿಲ್ಲ!” ಮೊಕ್ತೇಸರರು ಅಂಗಳದಿಂದಲೇ ಕೂಗಿದರು. “ಇವರಿಗೆ ವಯಸ್ಸಾಯ್ತು, ಬಿಡಿ. ನಿನಗೆಂತ ಆದದ್ದು ಮಾರಾಯ? ಇವತ್ತು ನೀನೊಬ್ಬ ಬಂದಿದ್ರೂ ಸಾಕಿತ್ತು, ಪೂಜೆ ನಿನಗೇ ಕೊಡುವ ಅಂತ ಇದ್ದೆ. ಫೋನೂ ಆಫ್! ಇನ್ನು ನೀವಿಬ್ರೂ ಬೇಡ. ಕಾರ್ಕಳದ ಕಡೆಯ ಭಟ್ರಿಗೆ ಹೇಳಿ ಆಯ್ತು.”

“ಅವನಿಗೆ ಬಯ್ಬೇಡಿ,” ಚಕ್ರಪಾಣಿ ಅಡ್ಡ ಬಂದ. ಕಣ್ಣಲ್ಲಿ ನೀರಿತ್ತು. “ತಪ್ಪು ನನ್ನದೇ. ಇವನಿಗೆ ಮೊದಲಿಂದಲೂ ಕುಂಭಕರ್ಣನ ನಿದ್ದೆ. ಕದ ತಟ್ಟಿ ಎಬ್ಬಿಸಿದ್ರೆ ದೊಡ್ಡವನಾದವನಿಗೆ ನಾಚಿಕೆ ಆಗ್ತದೆ ಅಂತ, ನನ್ನ ಅಲಾರಂ ಆದ ಕೂಡ್ಲೇ ಮೆಟ್ಟಿಲ ಬುಡದಲ್ಲಿ ಅವನ ಕೋಣೆಯ ಮೇನ್ ಸ್ವಿಚ್ಚು ಬಂದ್ ಮಾಡಿ ಬಿಡ್ತೇನೆ. ಫ್ಯಾನ್ ನಿಂತ್ರೆ ನಮ್ಮ ಸೆಖೆಗೆ ಯಾರು ಮಲಗ್ತಾರೆ ಹೇಳಿ? ತನ್ನಷ್ಟಕ್ಕೆ ಏಳ್ತಾನೆ. ಅವನ ಹೆಜ್ಜೆ ಕೇಳಿದ ಮೇಲೆ ಪುನಃ ಆನ್ ಮಾಡಿ ನಾನು ಹೊರಡುದು. ಇವತ್ತು ನನಗೇ ಎಚ್ಚರ ಆಗ್ಲಿಲ್ಲ.” ಹರಿಕೃಷ್ಣ ಮೆಟ್ಟಿಲಿನತ್ತ ತಿರುಗಿ ನೋಡಿದ. ಮೇಲಿನ ಕೋಣೆಯಲ್ಲಿ ಫ್ಯಾನು ಇನ್ನೂ ತಿರುಗುತ್ತಿತ್ತು.